ಇಳಿಜಾರಿನ ಪೆಟ್ರೋಲ್

ಬೈಕ್ ಎಂಬ ಮಾತನ್ನು ನಮ್ಮ ಮನೆಯಲ್ಲಿ ಕಳೆದ ಮಾರ್ಚ್‌ನಿಂದ ಯಾರೂ ಆಡಿರಲಿಲ್ಲ. ಜನವರಿಯಲ್ಲಿ ನನ್ನ ಮೈದುನ ಪ್ರಜ್ಞೇಶ ಆಡಿದ. ಆಡಲೇಬೇಕಿತ್ತು. ಅವನಿಗೆ ಸುಂಟಿಕೊಪ್ಪದಾಚೆಯ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಆಳುಗಳು ಸಾಲು ನಿಲ್ಲುವ ಮಸ್ಟರ್‌ಗೆ ರೈಟರ್ ಮೊದಲೇ ಹೋಗಿರಬೇಕು. ನಮ್ಮ ಕಡೆಯ ಮೊದಲ ಬಸ್ಸು ಅಲ್ಲಿಗೆ ಮುಟ್ಟುವಾಗ ಆಳುಗಳು ಗಿಡದ ಬುಡದಲ್ಲಿರುತ್ತಾರೆ.

ಮಾವ ಬೋಜಪ್ಪ ಕಣದಲ್ಲಿ ಕಾಫಿ ಹರಡುತ್ತಿದ್ದರು. ಅತ್ತೆ ಹೊನ್ನಮ್ಮ ಕಲ್ಲು, ಕಡ್ಡಿ ಹೆಕ್ಕುತ್ತಿದ್ದರು. ನಾನು ಗೋಣಿ ಮಡಚುತ್ತಿದ್ದೆ.

"ಶಶಿಕುಮಾರ್ ಹತ್ರ ಎರಡ್ ಗಾಡಿ ಉಟ್ಟು," ಎಂದ ಪ್ರಜ್ಞೇಶ. ನಮ್ಮ ಮಾತಿನಲ್ಲಿ ಉಟ್ಟು ಎಂದರೆ ಇದೆ ಎಂದು. "ಒಂದ್ ಹಳೆದ್. ಎತ್ತರ ಉಟ್ಟು, ಎಸ್ಟೇಟ್ ದಾರಿಗೆ ಅದೇ ಒಳ್ಳೆದ್. ಇನ್ನೊಂದ್ಕೆ ಎಬಿಎಸ್ ಉಟ್ಟು."

ಅತ್ತೆ ತಲೆ ಎತ್ತಲಿಲ್ಲ. "ಎರಡೂ ಬೇಡ. ನಡ್ಕಂಡ್ ಹೋಗ್."

"ನಡ್ಕಂಡ್ ಹೋದರೆ ನಾಳೆದ ಮಸ್ಟರ್‌ಗೆ ಇಂದೇ ಹೊರಡೊಕು ಅವ್ವ."

"ಹೊರಡ್. ಬುತ್ತಿ ಕಟ್ಟಿ ಕೊಡ್ನೆ."

ಮಾವ ಕೋಲು ನಿಲ್ಲಿಸಿದರು. "ಎಬಿಎಸ್ಸೂ ಬೇಡ, ಗಿಬಿಎಸ್ಸೂ ಬೇಡ. ತೀರ್ಥಂಗೆ ಇತ್ತಲ್ಲ? ಇದ್ದ್ ಎಂತ ಆತ್?"

ತೀರ್ಥಪ್ರಸಾದ್ ಅವರ ಹಿರಿಯ ಮಗ, ನನ್ನ ಗಂಡ. ಎಸ್ಟೇಟುಗಳ ಸ್ಪ್ರಿಂಕ್ಲರ್ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಮಾರ್ಚ್‌ನಲ್ಲಿ ಮಡಿಕೇರಿಯಿಂದ ಮನೆಗೆ ಇಳಿಯುವಾಗ ಒಂದು ತಿರುವಿನಲ್ಲಿ ಬಿದ್ದು ಸತ್ತ. ಹೂ ಬಿಡಿಸಲು ತೋಟಕ್ಕೆ ನೀರು ಹಾರಿಸುವ ಸಮಯ. ಬೇಲಿ ದಾಟಿ ರಸ್ತೆಗೂ ನೀರು ಬಿದ್ದಿತ್ತು. ಸುತ್ತ ಎಲ್ಲ ಒಣಗಿದ ರಸ್ತೆಯಲ್ಲಿ ಅಷ್ಟು ಜಾಗ ಮಾತ್ರ ಒದ್ದೆ.

"ಮಣ್ಣ್ ರೋಡ್‌ಲಿ ಎಬಿಎಸ್ ಇದ್ದರೇ ಕಷ್ಟ ಅಪ್ಪ," ಪ್ರಜ್ಞೇಶ ಮೆಲ್ಲಗೆ ಹೇಳಿದ. "ಬ್ರೇಕ್ ಹಿಡ್ದರೆ ಅದೇ ಬುಟ್ಟ್ ಬುಟ್ಟ್ ಹಿಡೀತದೆ. ಗಾಡಿ ಜಾರಿಕಂಡ್ ಮುಂದೆ ಹೋದು. ಎಲ್ಲರೂ ಹೇಳ್ತೊಳೊ."

ಮಾವ ನನ್ನ ಕಡೆ ನೋಡಿದರು. "ಅಶ್ವಿತ ಹೇಳಿದ ಹಂಗೆ ಆಗ್ಲಿ. ಅವ್ಳಿಗೆ ಹೇಳಿಕೆ ಹಕ್ಕುಟ್ಟು."

ಹಕ್ಕು ಎಂದರು. ನಾನು ಗೋಣಿಯನ್ನು ಮತ್ತೊಮ್ಮೆ ಮಡಚಿದೆ. "ನೋಡಿ ಹೇಳ್ನೆ," ಎಂದೆ.

ನೋಡುವುದಕ್ಕೆ ಬಹಳ ಇರಲಿಲ್ಲ. ಫೋನಿನಲ್ಲಿ ಓದಿದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿಕೊಂಡು ಜಾರದಂತೆ ಎಬಿಎಸ್ ತಡೆಯುತ್ತದೆ. ಹಿಡಿದು ಬಿಡುತ್ತದೆ, ಹಿಡಿದು ಬಿಡುತ್ತದೆ. ಸಡಿಲ ಮಣ್ಣಿನಲ್ಲಿ, ಜಲ್ಲಿಯಲ್ಲಿ ನಿಲ್ಲಲು ಹೆಚ್ಚು ದೂರ ಬೇಕಾಗಬಹುದು, ಪ್ರಜ್ಞೇಶ ಹೇಳಿದ್ದು ಸುಳ್ಳಲ್ಲ. ಒದ್ದೆ ಡಾಂಬರಿನಲ್ಲಿ ಮಾತ್ರ ಅದು ಇರುವುದೇ ಒಳ್ಳೆಯದು. ಅಷ್ಟರ ಮೇಲೆ ಯಾರಾದರೂ ತೀರ್ಮಾನ ಮಾಡಬಹುದಿತ್ತು. ನನಗೆ ಆಗಲಿಲ್ಲ. ಒದ್ದೆ ಡಾಂಬರಿನ ಮೇಲೆಯೇ, ಎಬಿಎಸ್ ಇರುವ ಬೈಕಿನಿಂದಲೇ ತೀರ್ಥ ಬಿದ್ದಿದ್ದ.

ಇನ್ನೊಂದು ಸಂಗತಿ ನನಗೆ ಗೊತ್ತಿತ್ತು. ಸುದ್ದಿ ಕೇಳಿ ನಾನು ಆ ತಿರುವಿಗೆ ಹೋದಾಗ ಅವನನ್ನು ಆಗಲೇ ಕರೆದೊಯ್ದಿದ್ದರು. ಬೈಕ್ ಚರಂಡಿಯಲ್ಲಿ ಅಡ್ಡ ಬಿದ್ದಿತ್ತು. ಬೇರೆಲ್ಲೂ ನೋಡಲಾಗದೆ ನಾನು ಬೈಕಿನ ಕೀ ನೋಡಿದೆ. ಅದು ಆಫ್‌ನಲ್ಲಿತ್ತು.

ಬಿದ್ದ ಗಾಡಿಯ ಕೀಯನ್ನು ಮೊದಲು ಬಂದವರು ಆಫ್ ಮಾಡುವುದು ವಾಡಿಕೆ. ಪೆಟ್ರೋಲ್ ಸೋರಿ ಬೆಂಕಿ ಹತ್ತಬಾರದೆಂದು. ಹಾಗೆಯೇ ಆಗಿರಬಹುದು. ಆದರೆ ನಮ್ಮ ಮನೆಯಲ್ಲಿ ಇನ್ನೊಂದು ವಾಡಿಕೆ ಇತ್ತು. ಮಾವ ಹರೆಯದಲ್ಲಿ ಎಸ್ಟೇಟ್ ಜೀಪ್ ಓಡಿಸುತ್ತಿದ್ದವರು. ಇಳಿಜಾರು ಬಂದ ಕೂಡಲೇ ಕೀ ಆಫ್ ಮಾಡಿ ಗಾಡಿಯನ್ನು ಹಾಗೇ ಉರುಳಲು ಬಿಡುತ್ತಿದ್ದರು. ಫ್ರೀ ಬಿಡುವುದು ಎನ್ನುತ್ತಾರೆ. "ಇಳಿಜಾರ್ ಅಂದರೆ ದೇವ್ರು ಕೊಟ್ಟ ಪೆಟ್ರೋಲ್" ಎಂದು ಅವರ ಮಾತು. ಇಬ್ಬರು ಮಕ್ಕಳಿಗೂ ಸೈಕಲ್ ಕಲಿಸಿದ ಬೆನ್ನಿಗೇ ಅದನ್ನೂ ಕಲಿಸಿದ್ದರು. ಮದುವೆಯಾದ ಹೊಸದರಲ್ಲಿ ತೀರ್ಥ ಫ್ರೀ ಬಿಟ್ಟಾಗ ನಾನು ಹಿಂದೆ ಕುಳಿತು ನಗುತ್ತಿದ್ದೆ. ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು. ಚೆನ್ನಾಗಿತ್ತು.

ಕೀ ಆಫ್ ಆದರೆ ಎಬಿಎಸ್‌ಗೆ ಕರೆಂಟ್ ಇಲ್ಲ. ಇದ್ದೂ ಇಲ್ಲದ ಹಾಗೆ. ಜೀಪಿನ ಕಾಲದಲ್ಲಿ ಕಲಿತ ಮಾವನಿಗೆ ಇದು ಗೊತ್ತಿರಲಿಲ್ಲ. ತೀರ್ಥನಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಹಾಗಾಗಿ ಪ್ರಶ್ನೆ ಒಂದೇ. ಅವನು ಬೀಳುವಾಗ ಕೀ ಆನ್ ಇತ್ತೇ? ಆನ್ ಇದ್ದರೆ ಮಾವ ಹೇಳಿದ್ದೇ ಸರಿ, ನಮ್ಮ ರಸ್ತೆಗೆ ಅದು ದಂಡ. ಆಫ್ ಇದ್ದರೆ ಆ ದಿನ ಅವನ ಬೈಕಿಗೆ ಎಬಿಎಸ್ ಇರಲೇ ಇಲ್ಲ. ಆಗ ಪ್ರಜ್ಞೇಶನಿಗೆ ಅದು ಬೇಕೇ ಬೇಕು. ಅಷ್ಟೂ ಸಾಲದು, ಅವನು ಕೀ ಮುಟ್ಟಬಾರದು. ಇಷ್ಟು ತಿಂಗಳು ನಾನು ಇದನ್ನು ಯಾರಲ್ಲೂ ಕೇಳಿರಲಿಲ್ಲ. ಕೇಳಿ ಏನಾಗಬೇಕು ಎಂದು ಸುಮ್ಮನಿದ್ದೆ. ಈಗ ಸುಮ್ಮನಿರಲು ಆಗುತ್ತಿರಲಿಲ್ಲ.

ನಾನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಅರ್ಥಶಾಸ್ತ್ರ. ಮರುದಿನ ಬೋರ್ಡಿನ ಮೇಲೆ ಬೇಡಿಕೆಯ ರೇಖೆ ಎಳೆಯಲು ಶುರುಮಾಡಿ ನಡುವೆ ನಿಂತೆ. ಇಳಿಯುವ ರೇಖೆ ಅದು. ಮಕ್ಕಳು ಬರೆಯುವುದನ್ನು ನಿಲ್ಲಿಸಿ ಕಾದರು. ಚಾಕ್ ಇಟ್ಟು, ಕ್ಲಾಸ್ ಬೇಗ ಬಿಟ್ಟೆ. ಸುಂಟಿಕೊಪ್ಪದಲ್ಲಿ ಬಸ್ ಇಳಿದು ಪಿಕಪ್ ಗಾಡಿಗಳು ನಿಲ್ಲುವಲ್ಲಿಗೆ ಹೋದೆ. ನಾನು ಹುಡುಕಿ ಬಂದ ಡ್ರೈವರ್ ಚಂದ್ರು ಇರಲಿಲ್ಲ. ಬೇಕರಿಯ ಎದುರು ನಿಂತೆ, ಮಾರ್ಕೆಟ್ ತನಕ ನಡೆದೆ, ವಾಪಸ್ ಬಂದೆ. ಮತ್ತೆ ನಡೆದೆ. ತರಕಾರಿ ಅಂಗಡಿಯವಳು ಎರಡು ಸಲ ಏನು ಬೇಕೆಂದು ಕೇಳಿದಳು. ಬೇಡದ ಬೀನ್ಸ್ ತೆಗೆದುಕೊಂಡೆ.

ಚಂದ್ರು ಸೌದೆ ಇಳಿಸಿ ಬಂದ. ತೀರ್ಥ ಬಿದ್ದ ದಿನ ಆ ತಿರುವಿಗೆ ಮೊದಲು ಬಂದವನು ಅವನು. ತನ್ನ ಪಿಕಪ್‌ನಲ್ಲೇ ಆಸ್ಪತ್ರೆಗೆ ಒಯ್ದಿದ್ದ. ನನ್ನನ್ನು ಕಂಡು ಟವೆಲಿನಿಂದ ಮುಖ ಒರೆಸಿಕೊಂಡ.

"ಮೇಡಂ, ಗಾಡಿ ಬೇಕಿತ್ತಾ?"

"ಇಲ್ಲ. ಒಂದು ಮಾತು ಕೇಳ್ಬೇಕು. ಆ ದಿನ ಬೈಕ್ ಕೀ ನೀನು ಆಫ್ ಮಾಡಿದ್ಯಾ?"

ಪಕ್ಕದ ಡ್ರೈವರ್ ಒಬ್ಬ ಕಿಟಕಿಯಿಂದ ಇಣುಕಿ, "ಏನ್ ಚಂದ್ರು, ಮೇಡಂ ಪರೀಕ್ಷೆ ಮಾಡ್ತಿದ್ದಾರಾ? ಎಸ್ಸೆಸ್ಸೆಲ್ಸಿ ಈಗ ಆದ್ರೂ ಪಾಸ್ ಮಾಡು ಮಾರಾಯ," ಎಂದ. ಚಂದ್ರು ಅವನಿಗೆ ಕೈ ಬೀಸಿ ನನ್ನನ್ನು ಗಾಡಿಯ ಹಿಂಬದಿಗೆ ಕರೆದ.

"ಬೋಜಪ್ಪಣ್ಣ ಕಳಿಸಿದ್ರಾ?"

"ಅವರಿಗೆ ನಾನು ಬಂದದ್ದು ಗೊತ್ತಿಲ್ಲ."

"ಅವರೂ ಇದೇ ಕೇಳಿದ್ರು. ತಿಥಿ ಆದ್ಮೇಲೆ ಒಂದಿನ ಬಂದು ನೀವು ನಿಂತಲ್ಲೇ ನಿಂತಿದ್ರು. ಕೀ ನೀನ್ ಆಫ್ ಮಾಡಿದ್ದಾ, ಇಲ್ಲ ಅವ್ನು ಫ್ರೀ ಬಿಟ್ಟಿದ್ನಾ ಅಂತ. ಆ ಮುಖ ನೋಡೋಕಾಗ್ಲಿಲ್ಲ ಮೇಡಂ. ನಾನು, ಹೌದು ಅಣ್ಣ, ನಾನೇ ಆಫ್ ಮಾಡ್ದೆ ಅಂದೆ. ಅವ್ರು ನನ್ನ ಕೈ ಹಿಡ್ಕೊಂಡು ತುಂಬಾ ಹೊತ್ತು ಬಿಡ್ಲಿಲ್ಲ."

"ನೀನು ಆಫ್ ಮಾಡಿದ್ದಾ?"

"ಇಲ್ಲ." ಚಂದ್ರು ಟವೆಲ್ ಹಿಂಡಿದ, ಅದು ಒಣಗಿಯೇ ಇತ್ತು. "ಪೆಟ್ರೋಲ್ ವಾಸನೆ ಬಂತು, ಆಫ್ ಮಾಡುವ ಅಂತ ಬಗ್ಗಿದೆ. ಆಫೇ ಇತ್ತು. ಅದನ್ನ ಆ ಮುದುಕನಿಗೆ ಹೆಂಗೆ ಹೇಳೋದು, ನೀವೇ ಹೇಳಿ. ನಾವೆಲ್ಲ ಫ್ರೀ ಬಿಡೋದು ಕಲ್ತದ್ದು ಅವರ ಜೀಪ್ ನೋಡಿ."

ನಾನು ಬೀನ್ಸ್ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ.

"ಹೇಳ್ಬೇಡಿ ಮೇಡಂ ಅವರಿಗೆ," ಎಂದ ಚಂದ್ರು. "ಹೋದವ್ರು ಬರಲ್ಲ."

ನಾನು ಬಸ್ಸಿಗೆ ಕಾಯದೆ ನಡೆದೆ. ಸ್ವಲ್ಪ ದೂರ ಹೋಗಿ, ಬಸ್ ಬಂದಾಗ ಹತ್ತಿದೆ. ನಮ್ಮ ಸ್ಟಾಪಿಗಿಂತ ಮೊದಲೇ ಇಳಿದೆ. ಮಾವನಿಗೆ ಹೇಳಿದರೆ ಅವರು ಕಲಿಸಿದ್ದರಿಂದ ಮಗ ಸತ್ತ ಎಂದಾಗುತ್ತದೆ. ಹೇಳದಿದ್ದರೆ ಪ್ರಜ್ಞೇಶ ಹಳೆಯ ಬೈಕ್ ತೆಗೆದುಕೊಳ್ಳುತ್ತಾನೆ, ಮೊದಲ ಇಳಿಜಾರಿನಲ್ಲೇ ಕೀ ತಿರುಗಿಸುತ್ತಾನೆ. ಎರಡರ ನಡುವೆ ದಾರಿ ಇರಬಹುದು ಅನ್ನಿಸಿತು. ಪ್ರಜ್ಞೇಶನೊಬ್ಬನಿಗೆ ಹೇಳಿದರೆ ಸಾಕಲ್ಲ.

ಅವನು ಹಿತ್ತಲಿನಲ್ಲಿ ಕರಿಮೆಣಸಿನ ಏಣಿಗೆ ಹಗ್ಗ ಬಿಗಿಯುತ್ತಿದ್ದ.

"ನೀ ಬೈಕ್ ತಕಂಡ್ರೆ ಇಳಿಜಾರ್‌ಲಿ ಕೀ ಆಫ್ ಮಾಡಬೇಡ," ಎಂದೆ.

ಅವನು ನಕ್ಕ. "ಪೆಟ್ರೋಲ್ ನೀವು ಹಾಕ್ಸಿ ಕೊಡ್ರಿಯಾ ಅತ್ತಿಗೆ?"

"ಎಬಿಎಸ್ ಕೆಲ್ಸ ಮಾಡಿಕಿಲ್ಲೆ, ಆಫ್ ಮಾಡಿರೆ."

"ಅದ್ಕೇ ನಾ ಹೇಳ್ದು, ಅದ್ ಇಲ್ಲದ ಗಾಡಿನೇ ಒಳ್ಳೆದ್. ಚಿಂತೆನೇ ಇಲ್ಲೆ." ಹಗ್ಗದ ಗಂಟನ್ನು ಹಲ್ಲಿನಿಂದ ಎಳೆದ. "ಅಪ್ಪ ಇಡೀ ಜೀವ ಹಂಗೇ ಓಡ್ಸಿದೊ. ಒಂದ್ ಸಲ ಬಿದ್ದ್ ಗೊತ್ತಿಲ್ಲೆ. ಅಣ್ಣಂದ್ ಅವ್ನ ಹಣೆಬರಹ ಅತ್ತಿಗೆ. ಕೀ ಆನೇ ಇತ್ತಲ್ಲ."

ಮನೆಯವರೆಲ್ಲ ಚಂದ್ರುವಿನ ಆ ಮಾತಿನ ಮೇಲೆ ನಿಂತಿದ್ದರೆಂದು ನನಗೆ ಆಗ ತಿಳಿಯಿತು. ನನಗೊಬ್ಬಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಇವನಿಗೆ ನಿಜ ಹೇಳಿದರೆ ಅಪ್ಪನನ್ನು ಕೇಳದೆ ಬಿಡುವವನಲ್ಲ. ಸುಮ್ಮನೆ ಒಳಗೆ ಹೋದೆ. ಒಲೆಯ ಮುಂದೆ ನಿಂತೆ, ಹೊರಗೆ ಬಂದೆ. ಅತ್ತೆ, "ಎಂತ ಹುಡುಕ್ತೊಳ?" ಎಂದರು. ಏನೂ ಇಲ್ಲ ಎಂದೆ.

ಭಾನುವಾರ ಮೂವರೂ ಹಳೆ ಬೈಕ್ ಮಾರುವ ಶಶಿಕುಮಾರ್ ಅಂಗಡಿಗೆ ಹೋದೆವು. ಅತ್ತೆ ಬರಲಿಲ್ಲ. ರಸ್ತೆ ಬದಿಯ ತಗಡಿನ ಶೆಡ್ಡು. ಎರಡೂ ಬೈಕನ್ನು ತೊಳೆದು ಹೊರಗೆ ನಿಲ್ಲಿಸಿದ್ದ.

"ನೋಡಿ ಬೋಜಪ್ಪಣ್ಣ," ಶಶಿಕುಮಾರ್ ಹಳೆಯದರ ಸೀಟು ತಟ್ಟಿದ. "ಇದು ಹಳೆ ಕಾಲದ ಅತ್ತೆ ಇದ್ದ ಹಾಗೆ. ಬೈದ್ರೂ ಹೊಡೆದ್ರೂ ಕೆಲಸ ನಿಲ್ಲಿಸಲ್ಲ. ಅದು ಹೊಸ ಸೊಸೆ. ಮೀಟರ್‌ನಲ್ಲಿ ಒಂದು ಲೈಟ್ ಉರಿದ್ರೆ ಸಾಕು, ತವರುಮನೆಗೆ..." ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡ. "ಟೀ ಹೇಳ್ಲಾ?"

ಯಾರೂ ಟೀ ಬೇಕೆನ್ನಲಿಲ್ಲ. ಮಾವ ಹಳೆಯದರ ಬ್ರೇಕ್ ಒತ್ತಿ ನೋಡುತ್ತಿದ್ದರು. ಪ್ರಜ್ಞೇಶ ಅದರ ಮೇಲೆ ಕುಳಿತಾಗಿತ್ತು. ಕುಳಿತ ಕೂಡಲೇ ಅವನ ಬೆನ್ನು ತೀರ್ಥನ ಬೆನ್ನಿನ ಹಾಗೆ ಕಂಡಿತು. ನಾನು ಬೇರೆ ಕಡೆ ನೋಡಿದೆ.

"ಅತ್ತಿಗೆ, ಹೇಳಿ. ಯಾವ್ದು?"

"ಎಬಿಎಸ್ ಇರುದ್."

ಪ್ರಜ್ಞೇಶನ ಮುಖ ಸಣ್ಣಗಾಯಿತು. ನಾನು ಶಶಿಕುಮಾರ್ ಕಡೆ ತಿರುಗಿದೆ. ನೇರವಾಗಿ ಹೇಳುವ ಧೈರ್ಯವಿರಲಿಲ್ಲ, ಸುತ್ತಿ ಹೋದೆ.

"ಕೀ ಆಫ್ ಮಾಡಿ ಇಳಿಜಾರಲ್ಲಿ ಫ್ರೀ ಬಿಟ್ರೆ ಎಬಿಎಸ್ ಇರ್ತದಾ?"

"ಕೀ ಆಫ್ ಮಾಡಿದ್ರೆ ಹಾರ್ನೇ ಕೂಗಲ್ಲ ಅಕ್ಕ, ಎಬಿಎಸ್ ಎಲ್ಲಿಂದ?" ಅವನು ನಕ್ಕ. "ಅದಕ್ಕೇ ಎಲ್ಲರಿಗೂ ಹೇಳೋದು ನಾನು. ಯಾರು ಕೇಳ್ತಾರೆ? ಕೊಡಗಿನವರಿಗೆ ಇಳಿಜಾರು ಕಂಡ್ರೆ ಕೈ ತಾನಾಗೇ ಕೀಗೆ ಹೋಗ್ತದೆ."

ಮಾವ ಕೇಳಿಸಿಕೊಂಡರು. ಬೇಗ ಬೇಗ ಹೇಳಿದರು: "ತೀರ್ಥನ ಕೀ ಆನ್ ಇತ್ತ್. ಚಂದ್ರು ಬಂದ್ ಆಫ್ ಮಾಡಿದ್ದ್."

"ಅದೇ ನಾ ಹೇಳ್ದು," ಎಂದ ಪ್ರಜ್ಞೇಶ. "ಆನ್ ಇದ್ದೂ ಹೋದ ಅಣ್ಣ. ಮತ್ತೆ ಆ ಎಬಿಎಸ್ ಲೈಟ್‌ನ ಪೂಜೆ ಮಾಡಿಕೆ ಉಟ್ಟಾ? ನಂಗೆ ಇದೇ ಸಾಕ್." ಹಳೆಯ ಬೈಕಿನ ಕೀಗೆ ಕೈ ಹಾಕಿದ.

ಆ ಕೈ ನೋಡಿದೆ.

"ಚಂದ್ರು ಆಫ್ ಮಾಡಿದ್ದಲ್ಲ ಮಾವ," ಎಂದೆ.

"ಅಂವ ನಂಗೆ ಹೇಳಿಯೊಳ."

"ನಿಮ್ಮ ಮುಖ ನೋಡಿ ಹೇಳಿದ್ದ್. ಅಂವ ಬಂದ್ ನೋಡ್ದಾಗ ಆಫೇ ಇತ್ತ್. ನಾ ಹೋಗಿ ಕೇಳ್ದೆ."

ಮಾವನ ಬೆರಳು ಇನ್ನೂ ಬ್ರೇಕಿನ ಮೇಲಿತ್ತು, ಒತ್ತಿ ಹಿಡಿದಂತೆಯೇ. ಶಶಿಕುಮಾರ್ ಫೋನ್ ಬಂದವನಂತೆ ಒಳಗೆ ಹೋದ. ಫೋನ್ ಸದ್ದು ಮಾಡಿರಲಿಲ್ಲ. ಒಂದು ಬಸ್ಸು ಹೋಯಿತು. ಅದರ ಹಿಂದೆ ಟಿಂಬರ್ ಲಾರಿ. ಪ್ರಜ್ಞೇಶ ಕೀಯಿಂದ ಕೈ ತೆಗೆದು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡ.

"ಅತ್ತಿಗೆ, ಈಗ ಇದ್ರ ಯಾಕೆ..." ಎಂದ.

"ಸುಮ್ನಿರ್," ಎಂದರು ಮಾವ. ಬ್ರೇಕ್ ಬಿಟ್ಟರು. "ಇಳಿ."

ಅವನು ಇಳಿದ.

"ಆ ಗಾಡಿ ತಕ. ಅದ್ ಇದ್ದ್ ಕೂಡ, ನೀ ಇಳಿಜಾರ್‌ಲಿ ಕೀ ಮುಟ್ಟಿರೆ ಮನೆಗೆ ಬರ್ಬೇಡ." ಯಾರ ಕಡೆಯೂ ನೋಡದೆ, "ನಾ ಕಲ್ಸಿದ್ದ್," ಎಂದರು. ಅದನ್ನು ಕೇಳದಂತೆ ಇರಲು ನಾವಿಬ್ಬರೂ ಪ್ರಯತ್ನಿಸಿದೆವು.

ಮಾವ ರಸ್ತೆಗಿಳಿದರು. ನಾನು ಹಿಂದೆ ಹೋದೆ. ತಿರುಗದೆ ಕೈ ಅಡ್ಡ ಆಡಿಸಿದರು, ಬರಬೇಡ ಎಂದು. ಬಸ್ ಸ್ಟ್ಯಾಂಡ್ ದಾಟಿಯೂ ನಿಲ್ಲಲಿಲ್ಲ. ನಡೆದೇ ಹೋದರು.

ಮನೆಗೆ ಬಂದಾಗ ಸಂಜೆಯಾಗಿತ್ತು. ಕಾಲು ತೊಳೆದು ನೇರ ಅತ್ತೆಯ ಬಳಿ ಹೋಗಿ ಅವರೇ ಹೇಳಿದರು. ನಾನು ಜಗಲಿಯಲ್ಲಿದ್ದೆ. ಅತ್ತೆ ಅಳುತ್ತಾರೆ, ಬೈಯುತ್ತಾರೆ ಎಂದುಕೊಂಡೆ. ಪಾತ್ರೆಯ ಸದ್ದು ಮಾತ್ರ ಕೇಳಿತು. ಅದರ ಹಿಂದೆ ಅತ್ತೆಯ ಮಾತು: "ಅನ್ನ ಹಾಕ್ನೆ, ಕುದ್ರಿ."

ಆಮೇಲೆ ಮಾವ ನನ್ನ ಜೊತೆ ಮಾತಾಡಲಿಲ್ಲ. ಕೋಪವಿರಲಿಲ್ಲ. ಎದುರಾದರೆ ದಾರಿ ಬಿಡುತ್ತಿದ್ದರು. ಕಣದಲ್ಲಿ ಒಣಗಿದ ಕಾಫಿಯನ್ನೇ ಮತ್ತೆ ಮತ್ತೆ ಎಳೆಯುತ್ತಿದ್ದರು. ಚಂದ್ರುವಿನ ಸುಳ್ಳನ್ನು ಹಾಗೇ ಬಿಡಬಹುದಿತ್ತೇ ಎಂದು ನಾನೂ ಓಡಾಡುತ್ತಲೇ ಯೋಚಿಸಿದೆ. ಒಮ್ಮೆ ಹೌದು ಅನ್ನಿಸಿತು, ಒಮ್ಮೆ ಇಲ್ಲ.

ಕೆಲಸದ ಮೊದಲ ದಿನ ಮಂಜು ಇನ್ನೂ ಕರಗಿರಲಿಲ್ಲ. ಪ್ರಜ್ಞೇಶ ಬೈಕ್ ಹೊರತೆಗೆದ. ಅತ್ತೆ ಬುತ್ತಿ ಕೊಟ್ಟರು, "ಮೆಲ್ಲ ಹೋಗ್," ಎಂದರು. ನಮ್ಮ ಮನೆ ಏರಿನ ತುದಿಯಲ್ಲಿದೆ. ಗೇಟಿನಿಂದ ಟಾರ್ ರಸ್ತೆಯವರೆಗೂ ಇಳಿಜಾರು, ಅದರಲ್ಲಿ ಒಂದು ಸೊಟ್ಟ ತಿರುವು. ಮಂಜಿಗೆ ಗೇಟಿನಾಚೆ ಏನೂ ಕಾಣುತ್ತಿರಲಿಲ್ಲ. ಮಾವ ಕಾಫಿ ಲೋಟ ಹಿಡಿದು ಅಂಗಳದಲ್ಲಿ ನಿಂತರು. ನಾನು ಬಾಗಿಲಲ್ಲಿ.

ಸದ್ದು ಗೇಟು ದಾಟಿತು. ಸೆಕೆಂಡ್ ಗೇರಿನಲ್ಲಿ ಇಂಜಿನ್ ಗೋಳಿಡುತ್ತಾ ಇಳಿಯುವುದು ಕೇಳುತ್ತಿತ್ತು. ಸಿಲ್ವರ್ ಓಕ್ ಮರಗಳ ಹತ್ತಿರ ಬಂತು. ತಿರುವಿನ ಹತ್ತಿರ.

ಸದ್ದು ನಿಂತಿತು.

ಮಾವ ಲೋಟ ಎಲ್ಲಿಟ್ಟರೋ ನೋಡಲಿಲ್ಲ. ಅವರು ಗೇಟು ದಾಟುವಾಗ ನಾನೂ ದಾಟಿದ್ದೆ. ಇಳಿಜಾರಿನಲ್ಲಿ ಅವರ ಹೆಜ್ಜೆ ತಪ್ಪುತ್ತಿತ್ತು, ಒಂದು ಸಲ ನನ್ನ ತೋಳು ಹಿಡಿದರು, ಬಿಟ್ಟರು, ಮತ್ತೆ ಓಡಿದರು. "ಪ್ರಜ್ಞೇಶಾ" ಎಂದು ಕೂಗಿದೆ. ನನ್ನ ಧ್ವನಿ ಅಷ್ಟು ಜೋರಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ತಿರುವಿಗೆ ಮೊದಲು ಬೈಕ್ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ ಅವನು ಕುಳಿತಿದ್ದ. ಹೆಲ್ಮೆಟ್ಟಿನ ಬಕ್ಕಲ್ ಜೊತೆ ಗುದ್ದಾಡುತ್ತಿದ್ದ.

"ಎಂತ?" ಎಂದ ನಮ್ಮನ್ನು ಕಂಡು ಗಾಬರಿಯಾಗಿ. "ಅವ್ವಂಗೆ ಎಂತ ಆತ್?"

ಮಾವನಿಗೆ ಉಸಿರು ಸಿಗುತ್ತಿರಲಿಲ್ಲ. ಬಾಗಿ ಮಂಡಿಯ ಮೇಲೆ ಕೈಯಿಟ್ಟರು. "ಯಾಕ್ ನಿಲ್ಸಿದ?"

"ಬಕ್ಕಲ್ ಕಳಚಿ ಬಾತ್. ಹಾಕಿಕೆ ನಿಲ್ಸಿದ್ದ್."

"ಹೊರಡಿಕೆ ಮೊದ್ಲು ಸರಿ ಹಾಕಿಕೆ ಆಕಿಲ್ಲೆಯಾ?"

"ಅಪ್ಪ, ನಿಲ್ಸಿದರೂ ಬೈಗಳ, ಓಡ್ಸಿದರೂ ಬೈಗಳ. ಮಸ್ಟರ್‌ಗೆ ತಡ ಆತ್."

ಮಾವ ಅವನ ಗದ್ದದ ಕೆಳಗೆ ಕೈ ಹಾಕಿ ತಾವೇ ಬಕ್ಕಲ್ ಬಿಗಿದರು. ಅಷ್ಟು ದೊಡ್ಡ ಹೈದ ಶಾಲೆಗೆ ಹೊರಟವನಂತೆ ತಲೆ ಎತ್ತಿ ಕುಳಿತ. ಕೀ ತಿರುಗಿಸಿದಾಗ ಮೀಟರಿನಲ್ಲಿ ಎಬಿಎಸ್‌ನ ಹಳದಿ ಲೈಟ್ ಹತ್ತಿತು. ಇಂಜಿನ್ ಶುರುವಾಯಿತು. ಅವನು ತಿರುವು ದಾಟಿ ಮಂಜಿನಲ್ಲಿ ಹೋದ.

ನಾವು ನಿಂತೆವು. ಟಾರ್ ರಸ್ತೆಯಲ್ಲಿ ಒಂದು ಲಾರಿಯ ಸದ್ದು ಬಂದು ಅವನ ಸದ್ದನ್ನು ಮುಚ್ಚಿತು. ಅದು ಹೋದ ಮೇಲೆ ಮತ್ತೆ ಸಣ್ಣಗೆ ಕೇಳಿತು. ಆಮೇಲೆ ಕೇಳಲಿಲ್ಲ, ಆದರೂ ಮಾವ ಕತ್ತು ಓರೆ ಮಾಡಿ ಕೇಳುತ್ತಲೇ ಇದ್ದರು.

"ನಾಳೆನೂ ಮಸ್ಟರ್ ಉಟ್ಟಲ್ಲ?" ಎಂದರು. ಭಾನುವಾರದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

"ಉಟ್ಟು," ಎಂದೆ.